ಲೋಟ ಖಾಲಿಯಾದ ಮೇಲೆ ಬರುವ ಮಾತು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಭಾನುವಾರ ಬೆಳಗ್ಗೆ ಏಳೂವರೆಯ ಬೆಂಗಳೂರಿನ ಗಾಂಧಿ ಬಜಾರ್. ವಿದ್ಯಾರ್ಥಿ ಭವನ ಹೋಟೆಲಿನ ಬಾಗಿಲಲ್ಲಿ ಹೆಸರು ಬರೆಸಿ ಕಾಯುತ್ತಿರುವವರ ಗುಂಪಿನಲ್ಲಿ ನಾನೂ ನನ್ನ ಚಿಕ್ಕಪ್ಪನೂ ಇದ್ದೇವೆ. ಇದು ನಾಲ್ಕು ತಿಂಗಳ ಹಿಂದೆ ತೆಗೆದ ಚಿತ್ರ. ಬರೀ ಫೋನಿನ ಮಾತಿನಲ್ಲೇ ಉಳಿದುಬಿಟ್ಟಿದ್ದ ನನ್ನವರಲ್ಲಿ ಒಬ್ಬರನ್ನಾದರೂ ತಿಂಗಳಿಗೊಮ್ಮೆ ತಿಂಡಿಗೋ ಕಾಫಿಗೋ ಕರೆದು, ಎದುರು ಕುಳಿತು ಮಾತನಾಡಬೇಕು ಎಂದು ಒಂದು ವರ್ಷದ ಹಿಂದೆ ನಿಶ್ಚಯಿಸಿಕೊಂಡಿದ್ದೆ. ಆ ತಿಂಗಳ ಸರದಿ ಚಿಕ್ಕಪ್ಪನದಾಗಿತ್ತು.

ನಮ್ಮಲ್ಲಿ ಯಾರನ್ನೇ ಕಂಡರೂ ಮೊದಲು ಕೇಳುವುದು ‘ಊಟ ಆಯ್ತಾ’, ‘ಕಾಫಿ ಆಯ್ತಾ’ ಎಂದು. ಎದುರಿಗಿದ್ದವರು ಹಾಗೆ ಕೇಳಿದಾಗ ಆ ಪ್ರಶ್ನೆಯ ಹಿಂದೆ ಒಂದು ತಟ್ಟೆಯೋ ಲೋಟವೋ ಸಿದ್ಧವಾಗಿರುತ್ತದೆ, ಆಗಿಲ್ಲವೆಂದರೆ ಬಡಿಸುತ್ತಾರೆ. ಫೋನಿನಲ್ಲಿ ಅದೇ ಪ್ರಶ್ನೆಗೆ ‘ಆಯ್ತು, ನಿಮ್ಮದು?’ ಎನ್ನುವಲ್ಲಿಗೆ ಮುಗಿಯುತ್ತದೆ. ಚಿಕ್ಕಪ್ಪನೂ ನಾನೂ ಎರಡು ವರ್ಷ ಪ್ರತಿ ವಾರವೂ ಹೀಗೆಯೇ ಮಾತನಾಡಿಕೊಂಡಿದ್ದೆವು. ಪ್ರತಿ ಸಲವೂ ಅವರು ‘ಆರಾಮಿದ್ದೀನಪ್ಪ’ ಎನ್ನುತ್ತಿದ್ದರು, ನಾನು ನಂಬುತ್ತಿದ್ದೆ.

ಈ ಹೋಟೆಲು ಶುರುವಾದದ್ದು 1943ರಲ್ಲಿ, ಸುತ್ತಮುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗಾಗಿ. ಹೆಸರು ಬಂದದ್ದೂ ಅದರಿಂದಲೇ. ಇಲ್ಲಿ ಕಾಯುವುದು ಅನಿವಾರ್ಯ, ಮತ್ತು ಆ ಕಾಯುವಿಕೆಯನ್ನು ನಾನು ಈಗ ಮನಸಾರೆ ಇಷ್ಟಪಡುತ್ತೇನೆ. ಹೊರಗೆ ನಿಂತ ಅರ್ಧ ಗಂಟೆಯಲ್ಲಿ ಮೇಲುಮೇಲಿನ ಮಾತುಗಳೆಲ್ಲ ಮುಗಿದುಹೋಗುತ್ತವೆ: ಮಳೆ, ಮೆಟ್ರೋ, ಯಾರ ಮಗಳ ಮದುವೆ, ಯಾರು ಮನೆ ಮಾರಿದರು. ಒಳಗೆ ಹೋದರೆ, ಕನ್ನಡದ ಹಿರಿಯರ ಚಿತ್ರಗಳಿರುವ ಗೋಡೆಯ ಪಕ್ಕದಲ್ಲಿ, ಗುರುತಿಲ್ಲದ ಇಬ್ಬರೊಂದಿಗೆ ಒಂದೇ ಮೇಜು. ಮೊಣಕೈಯವರೆಗೂ ಒಂದರ ಮೇಲೊಂದು ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯನ್ನು ನೋಡಿದಾಗ ಚಿಕ್ಕಪ್ಪನ ಮುಖ ಅರಳಿತು. ಗರಿಗರಿಯಾದ ದೋಸೆಯ ಮೇಲೆ ಚಟ್ನಿ ಸುರಿಸಿಕೊಂಡು, ತಾವು ಓದುತ್ತಿದ್ದ ದಿನಗಳಲ್ಲಿ ಒಂದು ದೋಸೆಯನ್ನು ಮೂವರು ಹಂಚಿಕೊಂಡದ್ದನ್ನು ಅವರು ನೆನಪಿಸಿಕೊಂಡರು.

ಆ ದಿನದ ಚಿತ್ರಗಳು ಇಲ್ಲಿಂದ ಮುಂದೆ ಇಲ್ಲ. ನೀವು ನೋಡುತ್ತಿರುವ ಈ ಎರಡು ಖಾಲಿ ಲೋಟಗಳ ಚಿತ್ರವನ್ನು ನಾನು ಆಮೇಲೆ ತೆಗೆದದ್ದು.

ಕಾಫಿ ಬಂತು. ಲೋಟದ ಅಂಚಿನವರೆಗೂ ನೊರೆಯಿತ್ತು. ಚಿಕ್ಕಪ್ಪ ಬಲಗೈಯಿಂದ ಅದನ್ನು ಎತ್ತಲು ಹೋದರು. ಕೈ ನಡುಗಿ ಬಿಸಿ ಕಾಫಿ ಬೆರಳ ಮೇಲೆ ಚೆಲ್ಲಿತು. ಅವರು ಏನೂ ಆಗದವರಂತೆ ಲೋಟವನ್ನು ಕೆಳಗಿಟ್ಟು, ಕರವಸ್ತ್ರದಿಂದ ಬೆರಳು ಒರೆಸಿಕೊಂಡು, ಎರಡೂ ಕೈಗಳಿಂದ ಹಿಡಿದು ಮತ್ತೆ ಎತ್ತಿದರು. ನಾನು ಸುಮ್ಮನಿದ್ದೆ. ಎದುರಿಗಿದ್ದವರು ದುಡ್ಡು ಕೊಟ್ಟು ಎದ್ದರು. ಲೋಟ ಖಾಲಿಯಾದ ಮೇಲೆ, ಅದರ ತಳವನ್ನೇ ನೋಡುತ್ತಾ, ‘ಚೆಕ್ಕು ವಾಪಸ್ ಬಂತು ಕಣೋ, ಸಹಿ ತಾಳೆ ಆಗಲಿಲ್ಲವಂತೆ’ ಎಂದರು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಷ್ಟರಾಗಿದ್ದವರು ನನ್ನ ಚಿಕ್ಕಪ್ಪ. ನಮ್ಮ ಕುಟುಂಬದ ಲಗ್ನಪತ್ರಿಕೆಗಳ ಮೇಲಿನ ವಿಳಾಸಗಳೆಲ್ಲ ಅವರ ಮುತ್ತಿನಂತಹ ಅಕ್ಷರದಲ್ಲೇ ಇರುತ್ತಿದ್ದವು. ತಮ್ಮ ಖಾತೆಯಿರುವ ಬ್ಯಾಂಕಿನ ಕೌಂಟರಿನಲ್ಲಿ, ನಾಲ್ಕು ಜನರ ಮುಂದೆ, ಒಂದೇ ಕಾಗದದ ಮೇಲೆ ಐದು ಬಾರಿ ಸಹಿ ಹಾಕಿಸಿ ನೋಡಿ, ಆಗುವುದಿಲ್ಲವೆಂದು ಕಳುಹಿಸಿದ್ದನ್ನು ಅವರು ಮನೆಯಲ್ಲಿ ಚಿಕ್ಕಮ್ಮನಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ನಮ್ಮ ಕುರ್ಚಿಗಳ ಹಿಂದೆ ಬೇರೆಯವರು ಬಂದು ನಿಂತಿದ್ದರಿಂದ, ಎದ್ದು ಕೃಷ್ಣರಾವ್ ಪಾರ್ಕಿನ ಬೆಂಚಿನ ಮೇಲೆ ಕುಳಿತು ಉಳಿದದ್ದನ್ನು ಕೇಳಿದೆ. ಮುಂದಿನ ವಾರ ವೈದ್ಯರಲ್ಲಿಗೆ ಹೋದೆವು. ಆಮೇಲೆ ಬ್ಯಾಂಕಿಗೂ ಇಬ್ಬರೇ ಹೋಗಿ ಹೊಸ ಸಹಿ ಕೊಟ್ಟು ಬಂದೆವು. ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಅವರ ಒಪ್ಪಿಗೆಯಿದೆ.

ನಡುಗುವ ಕೈ ಫೋನಿನಲ್ಲಿ ಕೇಳಿಸುವುದಿಲ್ಲ. ವಿಡಿಯೊ ಕರೆಯಲ್ಲಿ ಕಾಣುವುದು ಮುಖ ಮಾತ್ರ, ಅದನ್ನೂ ಅವರು ನಗುತ್ತಲೇ ತೋರಿಸುತ್ತಿದ್ದರು. ಜೊತೆಗೆ, ಹೇಳಲು ಕಷ್ಟವಾದ ಮಾತಿಗೆ ಒಂದಷ್ಟು ಹೊತ್ತು ಬೇಕು, ಕೈಗೆ ಏನಾದರೂ ಕೆಲಸ ಬೇಕು, ನೋಡುವುದಕ್ಕೆ ಎದುರಿನವರ ಕಣ್ಣಲ್ಲದೆ ಬೇರೊಂದು ಜಾಗ ಬೇಕು. ಇವೆಲ್ಲವೂ ಒಂದು ಲೋಟ ಕಾಫಿಯಲ್ಲಿ ಇವೆ ಎಂದು ನನಗೆ ಈ ಒಂದು ವರ್ಷದಲ್ಲಿ ಮತ್ತೆ ಮತ್ತೆ ಅನುಭವಕ್ಕೆ ಬಂದಿದೆ.

ಆದ್ದರಿಂದ ಎಲ್ಲಿ ಕೂರುತ್ತೇವೆ ಎನ್ನುವುದೂ ಮುಖ್ಯವಾಗುತ್ತದೆ. 1980ರ ದಶಕದಿಂದ ಬೆಂಗಳೂರಿನಲ್ಲಿ ಹೆಚ್ಚಿದ ದರ್ಶಿನಿಗಳ ಬಗ್ಗೆ ನನಗೆ ಪ್ರೀತಿಯಿದೆ. ಕಡಿಮೆ ದುಡ್ಡಿಗೆ ಶುಚಿಯಾದ ತಿಂಡಿ ಕೊಟ್ಟು ಈ ಊರಿನ ದುಡಿಯುವವರನ್ನು ಅವು ಸಾಕಿವೆ. ಆಫೀಸಿನ ಗೆಳೆಯರೊಡನೆ ಬೈಟು ಕಾಫಿ ಹೇಳಿ ನಿಂತೇ ಹತ್ತು ನಿಮಿಷ ಹರಟುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಎಪ್ಪತ್ತು ದಾಟಿದವರನ್ನು ನಿಲ್ಲಿಸಿಕೊಂಡು ಮನಸ್ಸಿನ ಮಾತು ಕೇಳಲಾಗದು. 2009ರಲ್ಲಿ ಎಂ.ಜಿ. ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಹೋದ ಇಂಡಿಯಾ ಕಾಫಿ ಹೌಸಿನಂತಹ ಕಡೆ ಒಂದು ಕಾಫಿಗೆ ಗಂಟೆಗಟ್ಟಲೆ ಕುಳಿತವರ ನೆನಪುಗಳನ್ನು ಹಿರಿಯರು ಅಷ್ಟು ಆಸೆಯಿಂದ ಹೇಳುವುದು ಏಕೆಂದು ನನಗೆ ಈಗ ಅರ್ಥವಾಗುತ್ತಿದೆ.

ಎಲ್ಲಕ್ಕಿಂತ ನಿಧಾನವಾದ ಜಾಗ ಮನೆಯ ಅಡುಗೆಮನೆ. ಇದು ಕಳೆದ ಭಾನುವಾರ, ಚಿಕ್ಕಪ್ಪನ ಮನೆ. ಹಿತ್ತಾಳೆಯ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಹದವಾಗಿ ಒತ್ತಿ, ಕುದಿಯುವ ನೀರು ಹೊಯ್ದು ಮುಚ್ಚಿದ್ದಾರೆ. ಡಿಕಾಕ್ಷನ್ ಹನಿಹನಿಯಾಗಿ ಇಳಿಯಲು ಕಾಲು ಗಂಟೆಯಾದರೂ ಬೇಕು. ಅದನ್ನು ಅವಸರಪಡಿಸಿದರೆ ಕಾಫಿ ನೀರಾಗುತ್ತದೆ. ಆ ಕಾಲು ಗಂಟೆಯಲ್ಲಿ ಚಿಕ್ಕಮ್ಮ ಅವರೆಕಾಳು ಸುಲಿಯುತ್ತಾ, ಮನೆಯಲ್ಲಿ ಈಗ ಚೆಕ್ ಬರೆಯುವವರು ತಾವೇ ಎಂದು ಹೇಳಿದರು. ಚಿಕ್ಕಪ್ಪ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದರು.

ಲೋಟಗಳನ್ನು ಅರ್ಧದಷ್ಟೇ ತುಂಬಿಸಿದ್ದಾರೆ, ನೋಡಿ. ಚೆಲ್ಲದಿರಲಿ ಎಂದು ಅವರೇ ಮಾಡಿಕೊಂಡ ಏರ್ಪಾಡು. ಮುಗಿದರೆ ಇನ್ನರ್ಧ ಹಾಕಿಕೊಳ್ಳುತ್ತೇವೆ. ನನ್ನ ಲೋಟವನ್ನು ಮುಂದೆ ತಳ್ಳಿ ಚಿಕ್ಕಪ್ಪ ಹೇಳಿದರು: ‘ಆ ಕ್ಯಾಮೆರಾನ ಪಕ್ಕಕ್ಕಿಡೋ, ಕಾಫಿ ಆರಿಹೋಗುತ್ತೆ.’

ಇಟ್ಟೆ.