50 ರೂಪಾಯಿ ರಬ್ಬರು, ಅತ್ತೆಯ ಕ್ಯಾಲೆಂಡರು

ಒಲೆ ಹಿಂದಿನ ಗೋಡೆ ಮೇಲೆ ಆ ಹಳದಿ ಕಲೆ ಕಾಣುತ್ತಿದೆಯಲ್ಲ, ಅದು ಬೇಳೆ. ಅದರ ಕಥೆ ಆಮೇಲೆ. ಮೊದಲು ನಮಸ್ಕಾರ.

ವಿಡಿಯೋದಲ್ಲಿ ಈಗ ಮೈಸೂರಿನ ಬೆಳಿಗ್ಗೆ ಆರೂವರೆ. ಮನೆಯವರೆಲ್ಲ ಮಲಗಿದ್ದಾರೆ, ಅದಕ್ಕೇ ನಾನು ಕಳ್ಳಿ ಥರ ಓಡಾಡುತ್ತಿರುವುದು. ಈ ಮಾತೆಲ್ಲ ರಾತ್ರಿ ಬೀರು ಬಾಗಿಲು ತೆಗೆದುಕೊಂಡು, ಸೀರೆಗಳ ಮುಂದೆ ಕೂತು ರೆಕಾರ್ಡ್ ಮಾಡುತ್ತಿದ್ದೇನೆ. ಬಟ್ಟೆ ಇದ್ದ ಕಡೆ ದನಿ ಗುಯ್ ಅನ್ನುವುದಿಲ್ಲ. ಒಂದು ಮೈಕ್ ತಗೋ ಅಂತ ನಮ್ಮನೆಯವರು ಹೇಳುತ್ತಲೇ ಇದ್ದಾರೆ. ಖರ್ಚು ಕಡಿಮೆ ಮಾಡುವ ವಿಡಿಯೋಗೆ ಮೈಕ್ ಕೊಂಡರೆ ಅತ್ತೆ ಬಿದ್ದು ಬಿದ್ದು ನಗುತ್ತಾರೆ.

ಇದು ಫಿಲ್ಟರ್ ಕೆಳಗಿನ ಬಕೆಟ್. ನಮ್ಮದು ಆರ್‌ಓ ಫಿಲ್ಟರ್. ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಮೊದಲು ಅದು ಸೀದಾ ಸಿಂಕಿಗೆ ಹೋಗುತ್ತಿತ್ತು. ಅತ್ತೆ ಒಂದು ದಿನ ಪೈಪ್ ಎಳೆದು ಬಕೆಟ್‌ಗೆ ಬಿಟ್ಟರು, ಮಾತೇ ಆಡಲಿಲ್ಲ. ಈಗ ನೆಲ ಒರೆಸುವುದು, ಬಾತ್‌ರೂಮ್ ತೊಳೆಯುವುದು ಎಲ್ಲ ಇದರಲ್ಲೇ. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಇದರಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ನಾನು ಜಾಣತನ ಮಾಡಿ ಹಾಕಿದ್ದೆ, ದಾಸವಾಳದ ಎಲೆ ಅಂಚೆಲ್ಲ ಸುಟ್ಟ ಹಾಗಾಯಿತು.

ಇದನ್ನ ಬೆಂಗಳೂರಿನ ನನ್ನ ತಂಗಿಗೆ ಹೇಳಿದರೆ ನಗುತ್ತಾಳೆ. 2024ರ ಬೇಸಿಗೆ ನೆನಪಿದೆ ಅಲ್ವಾ? ಎಷ್ಟೋ ಬೋರ್‌ವೆಲ್ ಬತ್ತಿ, ಆ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಮಾಡಿದರು. ಅವಳ ಮನೆಯಲ್ಲಿ ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆದು, ಅದನ್ನೇ ಆಮೇಲೆ ಗಿಡಕ್ಕೆ ಹಾಕುತ್ತಿದ್ದರು. "ಅಕ್ಕಾ, ನೀನು ಇದರ ವಿಡಿಯೋ ಮಾಡ್ತಿದೀಯ, ನಾವು ಹಂಗೇ ಬದುಕ್ತಿದ್ವಿ" ಅಂದಳು. ಏನು ಉತ್ತರ ಕೊಡುವುದು? ಅಯ್ಯೋ, ಬಕೆಟ್ ತುಂಬಿ ಶಾಟ್ ಮುಗಿದೇ ಹೋಯಿತು. ಮುಂದಕ್ಕೆ ಹೋಗೋಣ.

ಇವತ್ತು ಬಸ್ಸಾರು. ದಂಟಿನ ಸೊಪ್ಪು, ತೊಗರಿಬೇಳೆ. ಅತ್ತೆ ಮದ್ದೂರು ಕಡೆಯವರು, ಹಾಗಾಗಿ ಇದು ಪೂರ್ತಿ ಅವರ ಇಲಾಖೆ, ಬೇರೆ ದಿನ ನನಗೆ ಸೊಪ್ಪು ಸೋಸುವುದಷ್ಟೇ ಕೆಲಸ, ಇವತ್ತು ಅವರು ಏಳುವ ಮೊದಲು ನಾನೇ ಮಾಡುತ್ತಿದ್ದೇನೆ. ಹೇಗೆ ಮಾಡುವುದು ಅಂತ ಹೇಳುವುದಿಲ್ಲ, ಕಾಣುತ್ತಿದೆಯಲ್ಲ. ಬೆಂದ ನೀರು ಬಸಿದರೆ ಸಾರಿಗಾಯಿತು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಬಿದ್ದರೆ ಪಲ್ಯ ಆಯಿತು. ಗ್ಯಾಸ್ ಉರಿದದ್ದು ಒಂದೇ ಸಲ. ನಿಜ ಹೇಳುತ್ತೇನೆ, ಮದುವೆಯಾದ ಹೊಸದರಲ್ಲಿ ನನಗೆ ಇದು ಸುತಾರಾಂ ಸೇರುತ್ತಿರಲಿಲ್ಲ. ಈಗ ಅಮ್ಮನ ಮನೆಗೆ ಹೋದರೆ ಮೂರನೇ ದಿನಕ್ಕೆ ಮುದ್ದೆ ಬಸ್ಸಾರು ನೆನಪಾಗುತ್ತದೆ.

ಬಸಿಯುತ್ತಿರುವ ಈ ತೂತಿನ ಪಾತ್ರೆ ಇದೆಯಲ್ಲ, ಇದು ನಮ್ಮನೆಯವರ ಎರಡು ಜೀನ್ಸ್ ಪ್ಯಾಂಟು. ಹಳೇ ಬಟ್ಟೆಗೆ ಪಾತ್ರೆ ಕೊಡುವವರು ನಮ್ಮ ಬೀದಿಗೆ ಇನ್ನೂ ಬರುತ್ತಾರೆ. ಅತ್ತೆ ಅವರ ಜೊತೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ಪ್ಯಾಂಟ್ ಹೋಗಿದ್ದು ನಮ್ಮನೆಯವರಿಗೆ ಗೊತ್ತಾಗಿದ್ದು ಎರಡು ವಾರ ಆದಮೇಲೆ.

ಈ ಪಕ್ಕದಲ್ಲಿ ಹೀರೇಕಾಯಿ ಸಿಪ್ಪೆ ಹುರಿಯುತ್ತಿರುವುದು ನನ್ನ ಕೆಲಸ. ನಾನು ತೀರ್ಥಹಳ್ಳಿಯವಳು. ನಮ್ಮ ಕಡೆ ಸಿಪ್ಪೆ ಅಂದರೆ ಎಸೆಯುವ ವಸ್ತು ಅಲ್ಲವೇ ಅಲ್ಲ. ದಾಳಿಂಬೆ ಸಿಪ್ಪೆಗೆ ತಂಬುಳಿ, ಕಿತ್ತಳೆ ಸಿಪ್ಪೆಗೆ ಗೊಜ್ಜು, ಕಲ್ಲಂಗಡಿಯ ಬಿಳಿ ಭಾಗಕ್ಕೆ ದೋಸೆ. ಮೊದಲ ಸಲ ನಾನು ಕಲ್ಲಂಗಡಿ ಸಿಪ್ಪೆ ಎತ್ತಿಟ್ಟಾಗ ಅತ್ತೆ "ನಾವೇನು ಹಸುನೇನವ್ವಾ?" ಅಂದಿದ್ದರು. ಹೀರೇಕಾಯಿ ಸಿಪ್ಪೆ ಚಟ್ನಿಯನ್ನ ಮಾತ್ರ ಏನು ಅಂತ ಹೇಳದೆ ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು. ಈಗ ಹೀರೇಕಾಯಿ ತಂದರೆ ಪಲ್ಯದ ವಿಷಯ ಆಮೇಲೆ, ಸಿಪ್ಪೆ ಎಲ್ಲಿ ಅಂತ ಮೊದಲು ಕೇಳುತ್ತಾರೆ.

ಸರಿ, ಬೇಳೆ ಬೇಯಿಸೋಕೆ ಕುಕ್ಕರ್ ಯಾಕೆ ಇಟ್ಟಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬಸ್ಸಾರಿಗೆ ಬೇಳೆ ಕರಗಬಾರದು, ತೆರೆದ ಪಾತ್ರೆಯೇ ಸರಿ. ಇದು ಮರ್ಯಾದೆಯ ಉತ್ತರ. ಇನ್ನೊಂದು ಉತ್ತರ ಆ ಗೋಡೆ ಮೇಲಿದೆ.

ಹೋದ ವಾರ ಕುಕ್ಕರ್ ಕೂಗುವುದು ನಿಲ್ಲಿಸಿತು. ಪಕ್ಕದಿಂದ ಬುಸ್ ಅಂತ ಹಬೆ ಹೋಗುತ್ತಿತ್ತು. ರಬ್ಬರ್ ಗಟ್ಟಿಯಾಗಿತ್ತು, ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು. ಅತ್ತೆ ಅದನ್ನ ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ಹಾಕಿದರು. ಕೂಗಿತು! ತಣ್ಣಗಾದರೆ ರಬ್ಬರ್ ಸ್ವಲ್ಪ ಬಿಗಿಯಾಗುತ್ತದೆ, ಒಂದೆರಡು ದಿನ ನಡೆಯುತ್ತದೆ. ಮೂರನೇ ದಿನ ಮತ್ತೆ ಬುಸ್. ಹೊಸದು ತಗೋಬೇಕು, ಬೇರೆ ದಾರಿ ಇಲ್ಲ.

ಪಾತ್ರೆ ಅಂಗಡಿಗೆ ನಡೆದೇ ಹೋದೆ. ಆಟೋ ದುಡ್ಡು ಉಳಿಸಿದೆ, ಅದನ್ನ ಬರೆದುಕೊಳ್ಳಿ. ಅಂಗಡಿಯವರು ಕೇಳಿದರು, "ಒಳ ಮುಚ್ಚಳನಾ, ಹೊರ ಮುಚ್ಚಳನಾ? ಮೂರು ಲೀಟರಾ, ಐದಾ?" ನನಗೆ ಗೊತ್ತಿದ್ದರೆ ತಾನೇ! ಹತ್ತು ವರ್ಷದಿಂದ ದಿನಾ ಮುಚ್ಚುತ್ತಿರುವ ಮುಚ್ಚಳ, ಒಳಗೆ ಕೂರುತ್ತದೋ ಹೊರಗೆ ಕೂರುತ್ತದೋ ಅಂಗಡಿಯಲ್ಲಿ ನಿಂತು ನೆನಪಾಗಲಿಲ್ಲ. ಕೈಯಲ್ಲೇ ಗಾಳಿಯಲ್ಲಿ ಮುಚ್ಚಿ ನೋಡಿದೆ. ಹಳೇ ರಬ್ಬರ್ ತಗೊಂಡು ಹೋಗಿದ್ದರೆ ಈ ನಾಟಕವೇ ಇರುತ್ತಿರಲಿಲ್ಲ. ಹೊರ ಮುಚ್ಚಳ, ಐದು ಲೀಟರ್ ಅಂದೆ. ಅವರು ಎರಡು ತೆಗೆದಿಟ್ಟರು. ಕಂಪನಿಯದು 140. ಲೋಕಲ್ 50. "ಎರಡೂ ಒಂದೇ ಮೇಡಂ, ಡಬ್ಬಿಗೆ ದುಡ್ಡು ಅಷ್ಟೇ."

ಡಬ್ಬಿಗೆ ದುಡ್ಡು. ಆ ಮಾತಿಗೆ ನಾನು ಬಿದ್ದೆ. 90 ರೂಪಾಯಿ ಉಳಿಸಿದ ಗರ್ವದಲ್ಲಿ ಕೊತ್ತಂಬರಿ ಕಟ್ಟು ಬೇರೆ ಜಾಸ್ತಿ ತಗೊಂಡೆ.

ಮನೆಗೆ ಬಂದು ಹಾಕಿದರೆ ಮುಚ್ಚಳ ಕೂರುತ್ತಿಲ್ಲ. ದಪ್ಪ. ಒತ್ತಿ, ತಿರುಗಿಸಿ, ಎಣ್ಣೆ ಸವರಿ, ಕೊನೆಗೆ ಕುಕ್ಕರನ್ನ ಎರಡು ಮೊಣಕಾಲ ಮಧ್ಯೆ ಇಟ್ಟುಕೊಂಡು ತಿರುಗಿಸಿದೆ. ಅದನ್ನ ವಿಡಿಯೋ ಮಾಡಿಲ್ಲ, ಪುಣ್ಯ. ಕೂತಿತು. ಮೊದಲ ಕೂಗು ಬಂತು. ನಾನು ಅತ್ತೆ ಕಡೆ ತಿರುಗಿ "ನೋಡಿ, 50 ರೂಪಾಯಿ" ಅಂದೆ. ನನ್ನ ಬಾಯಿ ಮುಚ್ಚುವಷ್ಟರಲ್ಲಿ ರಬ್ಬರ್ ಒಂದು ಕಡೆ ಹೊರಗೆ ನುಗ್ಗಿ ಬಂತು, ಬೇಳೆ ನೀರು ಪಿಚಕಾರಿ ಥರ ಗೋಡೆಗೆ, ಸ್ವಿಚ್ ಬೋರ್ಡಿಗೆ, ಕ್ಯಾಲೆಂಡರಿಗೆ. ನಾವಿಬ್ಬರೂ ಬೇರೆ ಕಡೆ ನಿಂತಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು. ನಗುತ್ತಾ ಹೇಳುತ್ತಿದ್ದೇನೆ, ಆದರೆ ಆವತ್ತು ಒಲೆ ಆರಿಸುವಾಗ ಕೈ ನಡುಗುತ್ತಿತ್ತು. ಕುಕ್ಕರ್ ಒಳಗೆ ಒತ್ತಡ ಏರಿದಾಗ ನೀರು 120 ಡಿಗ್ರಿ ಹತ್ತಿರ ಹೋಗಿರುತ್ತದೆ, ಬೇಳೆ ಬೇಗ ಬೇಯುವುದೇ ಅದಕ್ಕೆ. ಅದು ಮೈಮೇಲೆ ಬೀಳುವ ವಸ್ತು ಅಲ್ಲ.

ಮಾರನೇ ದಿನ ರಬ್ಬರ್ ವಾಪಸ್ ತಗೊಂಡು ಹೋದೆ. "ಒಂದ್ಸಲ ಬಿಸಿ ಆದ್ಮೇಲೆ ತಗೊಳಲ್ಲ ಮೇಡಂ." ಬಿಸಿ ಮಾಡದೆ ಕುಕ್ಕರ್ ರಬ್ಬರ್ ಹೇಗೆ ಪರೀಕ್ಷೆ ಮಾಡುವುದು ಸ್ವಾಮಿ? ಅದಕ್ಕೆ ಅವರು ಬೇರೆ ಗಿರಾಕಿ ಕಡೆ ತಿರುಗಿದರು. 140 ಕೊಟ್ಟು ಕಂಪನಿಯದನ್ನೇ ತಂದೆ. ಲೆಕ್ಕ ಹಾಕಿ: 140ರ ವಸ್ತುವಿಗೆ 190, ಒಂದು ಲೋಟ ಬೇಳೆ, ಅರ್ಧ ದಿನ ಟೈಲ್ಸ್ ಉಜ್ಜಿದ್ದು, ಮೇಲೆ ಇನ್ನು ಹೊಡೆಸಬೇಕಾದ ಪೇಂಟ್. ಗೋಡೆಯ ಕಲೆ ಸೋಪಿಗೂ ಹೋಗಿಲ್ಲ, ನಿಂಬೆಹಣ್ಣಿಗೂ ಹೋಗಿಲ್ಲ. ಸಾಂಬಾರಿಗೆ ಅಂತ ಅರಿಶಿನ ಹಾಕಿಬಿಟ್ಟಿದ್ದೆ.

ಅತ್ತೆ ಆವತ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಲೆಂಡರ್ ಒರೆಸುತ್ತಾ "ದಿನಾಂಕ ಅಳಿಸೋಯ್ತು" ಅಂದರು ಅಷ್ಟೇ.

ಆ ಕ್ಯಾಲೆಂಡರ್ ಇದೇ. ಹತ್ತಿರ ತೋರಿಸುತ್ತೇನೆ, ಫೋಕಸ್ ಆಗಲಿ. ಕೆಂಪು ಪೆನ್ನಲ್ಲಿ 'ಗ್ಯಾಸ್' ಅಂತ ಬರೆದಿರುವುದು ಸಿಲಿಂಡರ್ ಹಾಕಿದ ದಿನ. 14.2 ಕೆ.ಜಿ. ಗ್ಯಾಸ್ ನಾಲ್ಕು ಜನಕ್ಕೆ ಎಷ್ಟು ದಿನ ಬರುತ್ತದೆ ಅನ್ನುವುದು ಈ ಮನೆಯ ಕ್ರಿಕೆಟ್ ಸ್ಕೋರು. ಅತ್ತೆಯ ದಾಖಲೆ 52 ದಿನ. ನಾನು ಒಬ್ಬಳೇ ಅಡುಗೆ ಮಾಡಿದ ಸಲ 37. ಯಾಕೆ ಅಂತ ತುಂಬಾ ದಿನ ಗೊತ್ತಾಗಿರಲಿಲ್ಲ. ನಾನು ಕುಕ್ಕರನ್ನ ಪೂರ್ತಿ ಉರಿಯಲ್ಲಿ ಐದು ಕೂಗು ಕೂಗಿಸುತ್ತಿದ್ದೆ. ಅತ್ತೆ ಬೇಳೆಯನ್ನ ಅರ್ಧ ಗಂಟೆ ನೆನೆಹಾಕಿ, ಮೊದಲ ಕೂಗು ಬಂದ ತಕ್ಷಣ ಉರಿ ಸಣ್ಣ ಮಾಡುತ್ತಾರೆ. "ಕುಕ್ಕರ್ ಕೂಗ್ಸೋದಲ್ಲ ಕಣವ್ವಾ, ಬೇಯ್ಸೋದು." ಒತ್ತಡ ಒಂದು ಸಲ ಏರಿದ ಮೇಲೆ ಎಷ್ಟು ಉರಿ ಕೊಟ್ಟರೂ ಒಳಗಿನ ಬಿಸಿ ಜಾಸ್ತಿ ಆಗುವುದಿಲ್ಲ, ಹಬೆ ಮಾತ್ರ ಹೊರಗೆ ಹೋಗುತ್ತದೆ. ಇದನ್ನ ನಾನು ಪಿಯುಸಿಯಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು.

ಸಿಲಿಂಡರ್ ಎಷ್ಟು ಉಳಿದಿದೆ ನೋಡೋಕೆ ಈ ಒದ್ದೆ ಬಟ್ಟೆ. ಮೈಗೆಲ್ಲ ಒರೆಸಿ ಬಿಡುವುದು. ಮೇಲೆ ಬೇಗ ಒಣಗಿತು, ಕೆಳಗೆ ತೇವ ಹಾಗೇ ಇದೆ, ಆ ಗೆರೆಯ ತನಕ ಗ್ಯಾಸ್. ದ್ರವ ಇರುವ ಭಾಗ ತಂಪಾಗಿರುವುದರಿಂದ ನಿಧಾನ ಒಣಗುತ್ತದೆ. ಮೊದಲು ನಾನು ಅಲ್ಲಾಡಿಸಿ ನೋಡುತ್ತಿದ್ದೆ, ಸೊಂಟ ಹಿಡಿದುಕೊಂಡಿತ್ತು.

ಹಾಂ, ಇಲ್ಲಿ ಅತ್ತೆ ಎದ್ದರು. ಎದ್ದವರು ಮೊದಲು ಮಾಡಿದ್ದು ನೋಡಿ, ಹಾಲ್ ಲೈಟ್ ಆರಿಸಿದ್ದು. ನನ್ನ ಶಾಟ್ ಕತ್ತಲಾಗಿರುವುದು ಅದಕ್ಕೇ. ಈ ಲೈಟ್ ಆರಿಸುವ ಅಭ್ಯಾಸದಿಂದ ನಮಗೆ ಆಗಿರುವುದು ಕೇಳಿ. 2023ರಲ್ಲಿ ಗೃಹಜ್ಯೋತಿ ಬಂತಲ್ಲ, 200 ಯೂನಿಟ್ ತನಕ ಉಚಿತ. ಆದರೆ ಎಲ್ಲರಿಗೂ 200 ಅಲ್ಲ. ಅದಕ್ಕೂ ಹಿಂದಿನ ವರ್ಷ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ, ಅದರ ಮೇಲೆ ಶೇ 10 ಸೇರಿಸಿ ಅಷ್ಟು ಉಚಿತ ಅಂತ ಮಾಡಿದರು. ಅತ್ತೆ ಆರಿಸಿ ಆರಿಸಿ ನಮ್ಮ ಸರಾಸರಿ 70. ಹಾಗಾಗಿ ನಮಗೆ 77. ಎದುರು ಮನೆಯಲ್ಲಿ ಮಧ್ಯಾಹ್ನವೂ ಲೈಟ್ ಉರಿಯುತ್ತಿತ್ತು, ಅವರಿಗೆ 150ರ ಮೇಲೆ! ನಾನು ಇದನ್ನ ಅತ್ತೆಗೆ ಬಿಡಿಸಿ ಹೇಳಿದೆ. ಮುಂಚೆಯೇ ಒಂದು ವರ್ಷ ಗೀಸರ್ ಹಾಕಿ ಬಿಟ್ಟಿದ್ದರೆ ಈಗ ಮಜಾ ಇತ್ತು ಅಂದೆ. ಅವರು ನನ್ನನ್ನ ನೋಡಿದ ರೀತಿ... ಬೇಡ ಬಿಡಿ. ಆ ವರ್ಷ ಪೂರ್ತಿ ಬಿಲ್ ಕಟ್ಟುವವರು ಯಾರು ಅಂತ ನಾನು ಯೋಚನೆ ಮಾಡಿರಲಿಲ್ಲ.

ಕೊನೆಯ ಶಾಟ್. ಮುದ್ದೆ ತೊಳಸುವ ಪಾತ್ರೆ ಕಟ್ಟೆ ಮೇಲೆ ಜಾರದೆ ಕೂತಿದೆಯಲ್ಲ, ಅದರ ಕೆಳಗೆ ನೋಡಿ. ಕಪ್ಪು ಬಳೆ ಥರ. ಅದೇ ಆ 50 ರೂಪಾಯಿ ರಬ್ಬರು. ನಾನು ಸಿಟ್ಟಲ್ಲಿ ಕಸಕ್ಕೆ ಹಾಕಿದ್ದೆ. ಅತ್ತೆ ತೆಗೆದು ತೊಳೆದು ಸಿಂಬೆ ಮಾಡಿದ್ದಾರೆ. ಹಳೇ ಬಿರುಕು ಬಿಟ್ಟ ರಬ್ಬರ್ ಕಸದ ಬುಟ್ಟಿಗೆ ಹೋಗಿದೆ, ಆದರೆ ಕಸವಾಗಿ ಅಲ್ಲ, ಕವರ್ ಒಳಗೆ ಜಾರದಂತೆ ಬಿಗಿಯೋಕೆ. ಚೆನ್ನಾಗಿಯೇ ಇದೆ. ಕುಕ್ಕರಿಗೆ ಮಾತ್ರ ಲೋಕಲ್ ರಬ್ಬರ್ ತರಬೇಡಿ. ಸಿಂಬೆಗೆ ಬೇಕಾದರೆ ತನ್ನಿ, ದಪ್ಪ ಇರುತ್ತದೆ.

ಹೊಸ ಸಿಲಿಂಡರ್ ನಿನ್ನೆ ಹಾಕಿದ್ದೇವೆ. ಕ್ಯಾಲೆಂಡರಲ್ಲಿ ಈ ಸಲ ನನ್ನ ಕೈಯಲ್ಲೇ ಬರೆಸಿದರು. 45 ದಾಟಿದರೆ ಆ ಮೈಕ್...

ಒಂದು ನಿಮಿಷ. ಬಾಗಿಲು ಬಡಿಯುತ್ತಿದ್ದಾರೆ.

"ಹನ್ನೊಂದು ಗಂಟೆ ಆಯ್ತು, ಯಾರತ್ರ ಮಾತಾಡ್ತಿದೀಯವ್ವಾ? ಲೈಟ್ ಆರ್ಸು!"

ಬಂದೆ ಅತ್ತೆ.