‘ನಮ್ಮ ಮಂಟಪ’ ಅನ್ನುವವರ ಜೊತೆ ಕೆಲಸ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಸಿನಿಮಾ ಪ್ರಚಾರದ ಬಗ್ಗೆ ಮಾತಾಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಇಲ್ಲಿನ ವಿಜಯದಶಮಿ ರಾತ್ರಿ. ಹತ್ತು ದೇವಸ್ಥಾನ, ಹತ್ತು ಮಂಟಪ, ಅಂದರೆ ಅಲುಗಾಡುವ ಬೊಂಬೆಗಳಿಂದ ಪುರಾಣದ ಕತೆ ತೋರಿಸುವ ಮೆರವಣಿಗೆ. ಟ್ರ್ಯಾಕ್ಟರ್ ಮೇಲೆ ದೇವರು, ಅಸುರರು, ಕಣ್ಣು ಕುಕ್ಕುವ ಲೈಟು. ಕತೆ ಎಲ್ಲರಿಗೂ ಗೊತ್ತು. ಅಸುರ ಸಾಯಲೇಬೇಕು. ಆದರೂ ಜನ ಬೆಳಗಿನ ಜಾವದವರೆಗೆ ಚಳಿಯಲ್ಲಿ ನಿಂತಿರುತ್ತಾರೆ.

ಒಂದು ವರ್ಷ ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಇದ್ದ. ಮಹಿಷನ ಕತ್ತು ತಿರುಗಬೇಕಿತ್ತು, ಅರ್ಧಕ್ಕೇ ಸಿಕ್ಕಿಕೊಂಡಿತು. ಹುಡುಗ ಉಸಿರು ಬಿಗಿಹಿಡಿದ. ಒಳಗಿದ್ದವರು ಏನೋ ಸರಿ ಮಾಡಿದರು, ಕತ್ತು ತಿರುಗಿತು. ಇವನು ಕುಣಿದೇ ಬಿಟ್ಟ. ‘ನಮ್ಮ ಮಂಟಪ, ಸರ್’ ಅಂದ. ಅವನು ಮಾಡಿದ್ದು ಚಂದಾ ಎತ್ತಿದ್ದು, ವೈರ್ ಹೊತ್ತಿದ್ದು, ಅಷ್ಟೇ.

ನನ್ನ ಕೆಲಸವೆಲ್ಲ ಆ ‘ನಮ್ಮ’ ಅನ್ನುವ ಮಾತಿನ ಸುತ್ತ. ಪೋಸ್ಟರ್, ಟೀಸರ್, ಟ್ರೇಲರ್ ಎಲ್ಲ ಒಂದೇ ದನಿಯಲ್ಲಿ ಮಾತಾಡಬೇಕು, ಅದನ್ನು ನೋಡಿಕೊಳ್ಳುವವನು ಕ್ರಿಯೇಟಿವ್ ಡೈರೆಕ್ಟರ್. ನಿಜ. ಆದರೆ ಹೊಸ ಸಿನಿಮಾ ಕೈಗೆ ಬಂದಾಗ ನಾನು ಮೊದಲು ಕೇಳುವುದು ಬೇರೆ: ಇದರಲ್ಲಿ ಅಭಿಮಾನಿ ಹೊರುವ ವೈರ್ ಯಾವುದು?

ಬಿಡುಗಡೆ ವಾರದ ಪೋಸ್ಟರ್‌ನಲ್ಲಿ ಕೆಳಗಡೆ ಒಂದು ಪಟ್ಟಿ ಖಾಲಿ ಬಿಡಿಸುತ್ತೇನೆ. ದೊಡ್ಡ ಫೈಲನ್ನೇ ಅಭಿಮಾನಿ ಸಂಘಗಳಿಗೆ ಕೊಡುತ್ತೇವೆ. ಕುಶಾಲನಗರದ ಹುಡುಗರು ಅಲ್ಲಿ ತಮ್ಮ ಹೆಸರು, ಫೋಟೋ ಹಾಕಿ ಬ್ಯಾನರ್ ಮಾಡಿಸುತ್ತಾರೆ. ಮೊದಲು ಹೀಗೆ ಬಿಡುತ್ತಿರಲಿಲ್ಲ. ಆಗ ಅವರ ಫೋಟೋ ಹೋಗಿ ನಾಯಕಿಯ ಹೆಸರಿನ ಮೇಲೆ ಕೂರುತ್ತಿತ್ತು. ತಪ್ಪು ಅವರದ್ದಲ್ಲ, ಜಾಗ ಕೊಡದ ನಮ್ಮದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದು ಸಿನಿಮಾದ ಕೊನೆಯ ಹೊಡೆದಾಟವನ್ನು ಟ್ರೇಲರ್‌ನಲ್ಲೇ ಹಾಕಿಬಿಟ್ಟೆವು. ಮೊದಲ ದಿನ, ಮೊದಲ ಆಟ. ನಾನು ಹಿಂದಿನ ಸಾಲಲ್ಲಿದ್ದೆ. ಆ ದೃಶ್ಯ ಬಂತು, ಹೋಯಿತು, ಒಂದು ಶಿಳ್ಳೆ ಇಲ್ಲ. ಇವತ್ತಿಗೂ ನೋವಾಗುತ್ತದೆ. ಮಂಟಪದಲ್ಲಿ ಅಸುರ ಸಾಯುವುದು ಗೊತ್ತು, ಈ ಸಲ ಹೇಗೆ ಸಾಯುತ್ತಾನೆ ಅನ್ನೋದು ಗೊತ್ತಿರಲ್ಲ, ಅಲ್ವಾ? ನಾವು ಆ ‘ಹೇಗೆ’ಯನ್ನೇ ಮೊದಲು ಕೊಟ್ಟುಬಿಟ್ಟಿದ್ದೆವು.

‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಬಂದಿದ್ದು ಕನ್ನಡದಲ್ಲಿ ಮಾತ್ರ. ಹಿಂದಿಗೆ ಹೋಗಿದ್ದು ಅಕ್ಟೋಬರ್ 14ಕ್ಕೆ. ಆ ಎರಡು ವಾರ ನೋಡಿದವರೇ ಊರೆಲ್ಲ ಹೇಳಿದರು. ಜನ ಹಾಗೆ ಮಾತಾಡುವಾಗ ನಾವು ಸುಮ್ನೆ ಪಕ್ಕಕ್ಕೆ ಸರಿಯಬೇಕು. ಆದರೆ ಮುಂದೆ, 2025ರ ‘ಕಾಂತಾರ: ಚಾಪ್ಟರ್ 1’ಕ್ಕೆ ಕೆಲವರು ದೈವದ ಹಾಗೆ ವೇಷ ಹಾಕಿ ಥಿಯೇಟರ್‌ಗೆ ಬಂದಾಗ, ಬೇಡ ಎಂದು ಚಿತ್ರತಂಡವೇ ಕೇಳಿಕೊಂಡಿತು. ಕೊಡಗಿನ ‘ತೆರೆ’, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ, ನೋಡಿ ಬೆಳೆದ ನಿಮಗೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಅಭಿಮಾನಿಗೆ ಪ್ರೀತಿಯಿಂದ ‘ಬೇಡ’ ಅನ್ನುವುದೂ ಪ್ರಚಾರದ ಕೆಲಸವೇ. ಬಿಡುಗಡೆಗೆ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು.

ಈಗ ಮೂರು ಪೋಸ್ಟರ್ ತೋರಿಸುತ್ತೇನೆ. ಲೈಟ್ ಆರಿಸ್ತೀರಾ? ಕೊನೇ ಸಾಲಿನವರು ಮೊದಲು ಹೇಳಿ, ಅಲ್ಲಿಂದ ಏನು ಕಾಣಿಸುತ್ತದೆ? ಇದರಲ್ಲಿ ನಿಮ್ಮ ಹೆಸರು ಎಲ್ಲಿ ಹಾಕಿಕೊಳ್ತೀರಿ?