ವಿಮಾನದ ಕಾಲಿನ ಪೇಂಟು ಹೋದರೆ ಹೋಗಲಿ ಅನ್ನಬೇಡಿ

ನಮಸ್ಕಾರ. ಇವತ್ತಿನ ವಿಷಯ ಸಣ್ಣದು, ಆದರೆ ನನಗೆ ಭಾಳ ಮುಖ್ಯವಾದದ್ದು. ಸಣ್ಣ ವಿಮಾನಕ್ಕೆ ಜಾಕ್ ಕೊಟ್ಟು ಎತ್ತುವಾಗ ಅದರ ಕಾಲಿನ, ಅಂದರೆ ಚಕ್ರ ಹೊತ್ತ ಕಂಬದ, ಪೇಂಟು ಕೀಳಬಾರದು. "ಪೇಂಟ್ ತಾನೇ, ಹೋದ್ರೆ ಹೋಗ್ಲಿ ಬಿಡು" ಅನ್ನೋರನ್ನ ಹ್ಯಾಂಗರಿನಲ್ಲಿ (ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನಲ್ಲಿ) ಜಾಸ್ತಿನೇ ನೋಡಿದ್ದೇನೆ. ಆ ಮಾತು ನಾನು ಒಪ್ಪಲ್ಲ. ಪೇಂಟು ಹೋದ ಕಡೆ ತುಕ್ಕು ಹಿಡಿಯುತ್ತೆ.

ನಮ್ಮ ಕಡೆಯವರಿಗೆ ಇದು ಬೇಗ ತಿಳಿಯುತ್ತೆ. ತೋರಣಗಲ್ಲಿನ ವಿದ್ಯಾನಗರದಲ್ಲಿ ರನ್‌ವೇ ಇದೆ, ಕೊಪ್ಪಳದ ಹತ್ತಿರ ಗಿಣಿಗೇರಾದಲ್ಲೂ ಇದೆ. ಎರಡೂ ಕಡೆ ಕಾರ್ಖಾನೆ, ಅದಿರು ಲಾರಿ, ಕೆಂಪು ಧೂಳು. ಹೊರಗೆ ಒಣಗಲು ಹಾಕಿದ ಬಿಳಿ ಅಂಗಿ ಸಂಜೆಗೆ ಏನಾಗುತ್ತೆ ಅಂತ ಅಲ್ಲಿಯವರನ್ನು ಕೇಳಿ. ಅದೇ ಧೂಳು ವಿಮಾನದ ಕಾಲಿನ ಮೇಲೂ ಕೂರುತ್ತೆ. ಅದಿರಿನ ಧೂಳಿಗೂ ತುಕ್ಕಿಗೂ ಬಣ್ಣ ಒಂದೇ ಅಲ್ವಾ? ತುಕ್ಕು ಹಿಡಿದಿದ್ದರೂ ಧೂಳು ಅಂತ ಸುಮ್ನೆ ಇರುತ್ತೇವೆ.

ನಾನು ಕೆಲಸ ಕಲಿಯುವಾಗ ನಮ್ಮ ಹ್ಯಾಂಗರಿಗೆ ಒಂದು ಸೆಸ್ನಾ 172 ಬಂತು. 1955ರಲ್ಲಿ ಮೊದಲು ಹಾರಿದ ಮಾದರಿ, ಜಗತ್ತಿನಲ್ಲಿ ಇದರಷ್ಟು ತಯಾರಾದ ವಿಮಾನ ಇನ್ನೊಂದಿಲ್ಲ. ಆ ವಿಮಾನ ನಮ್ಮ ಕಡೆಯ ಧೂಳಿನಲ್ಲಿ ವಾರಗಟ್ಟಲೆ ನಿಂತು ಬಂದಿತ್ತು. ಹಿರಿಯ ಮೆಕ್ಯಾನಿಕ್ ಒಬ್ಬರು "ತಮ್ಮಾ, ಮೊದಲು ಒದ್ದೆ ಬಟ್ಟೆ ತಗೊಂಡು ಕಾಲು ಒರೆಸು" ಅಂದರು. ಒರೆಸಿದೆ. ಬಟ್ಟೆ ಕೆಂಪಾಯ್ತು, ಕಾಲು ಬೆಳ್ಳಗಾಯ್ತು. ಒಂದು ಕಡೆ ಮಾತ್ರ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೆಂಪು ಹೋಗಲೇ ಇಲ್ಲ. ಬೆರಳಲ್ಲಿ ಸವರಿದೆ, ತರಿ ತರಿ. ಪಕ್ಕದಲ್ಲೇ ಪೇಂಟು ಎಳೆದ ಹಾಗೆ ಕಿತ್ತಿತ್ತು. ಹಿಂದೊಮ್ಮೆ ಜಾಕ್ ಕ್ಲಾಂಪ್, ಅಂದರೆ ಜಾಕ್ ಕೊಡೋಕೆ ಕಾಲಿಗೆ ಬಿಗಿಯುವ ಹಿಡಿಕೆ, ಜಾರಿದ ಗುರುತು. ಟಚಪ್ ಮಾಡಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

ಅಷ್ಟಕ್ಕೆ ಏನಾಗುತ್ತೆ ಅಂತೀರಾ? ಈ ವಿಮಾನದ ಹಿಂದಿನ ಎರಡು ಕಾಲು ಸ್ಪ್ರಿಂಗ್ ಸ್ಟೀಲಿನವು. 1971ರ ಮಾದರಿಗೆ ಮುಂಚೆ ಲಾರಿ ಸ್ಪ್ರಿಂಗಿನ ಹಾಗೆ ಚಪ್ಪಟೆ ಪಟ್ಟಿ, ಆಮೇಲೆ ಕೊಳವೆ. ಆ ಕಾಲುಗಳಿಗೆ ಬೇರೆ ಶಾಕ್ ಅಬ್ಸಾರ್ಬರ್ ಇಲ್ಲ. ಇಳಿದಾಗಲೆಲ್ಲ ಕಾಲೇ ಬಾಗಿ ಪೆಟ್ಟು ತಿನ್ನುತ್ತೆ. ಬಾಗುವಾಗ ಹೆಚ್ಚು ಎಳೆತ ಬೀಳುವುದು ಹೊರಮೈಗೆ. ತುಕ್ಕು ಗುಂಡಿ ಕೊರೆಯುವುದೂ ಅಲ್ಲೇ. ಬಳ್ಳಾರಿಯ ಬಟ್ಟೆ ಅಂಗಡಿಗಳಲ್ಲಿ ನೋಡಿರ್ತೀರಿ, ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಕೊಟ್ಟು ಎಳೆದರೆ ಥಾನು ಚರ್ರ್ ಅಂತ ಹರಿಯುತ್ತೆ. ಕಚ್ಚು ಇಲ್ಲದೆ ಎಷ್ಟು ಜಗ್ಗಿದರೂ ಹರಿಯಲ್ಲ. ಸ್ಟೀಲಿಗೂ ಹಾಗೇ. ಇಳಿದು ಇಳಿದು ಆ ಗುಂಡಿಯಿಂದಲೇ ಬಿರುಕು ಶುರುವಾಗುತ್ತೆ.

ಕ್ಲಾಂಪ್ ಯಾಕೆ ಜಾರುತ್ತೆ? ನನ್ನ ತಕರಾರು ಇರೋದು ಇಲ್ಲೇ. ವಿಮಾನದ ಭಾರಕ್ಕೆ ಕಾಲು ಹೊರಗೆ ಚಾಚಿಕೊಂಡಿರುತ್ತೆ. ಜಾಕ್ ಏರಿಸಿ ಭಾರ ಇಳಿದ ಕೂಡಲೇ ಚಕ್ರ ಒಳಗೆ ಸರಿಯುತ್ತೆ, ಜೊತೆಗೆ ಜಾಕ್ ವಾಲುತ್ತೆ. ಕಂಪನಿಯ ಕೈಪಿಡಿಯಲ್ಲೇ ಇದೆ: ಇಳಿಸಿ, ಜಾಕ್ ನೆಟ್ಟಗೆ ಇಟ್ಟು, ಎರಡನೇ ಸಲ ಎತ್ತಬೇಕು. ಅದಕ್ಕೆ ಐದು ನಿಮಿಷ ಬೇಕು. ಆ ಐದು ನಿಮಿಷ ಉಳಿಸೋಕೆ ಹೋಗಿ ವಾಲಿದ ಜಾಕಿಗೇ ಇನ್ನೆರಡು ಪಂಪ್ ಹೊಡೆಯುತ್ತಾರೆ. ಕ್ಲಾಂಪ್ ಕಿರ್ರ್ ಅನ್ನುತ್ತೆ. ಪೇಂಟು ಹೋಯ್ತು. ಜಾಕ್ ಪೂರ್ತಿ ಜಾರಿದರೆ ಕೆಳಗಿದ್ದವನ ಕೈಯೂ ಹೋಗುತ್ತೆ.

ಟೇಪ್ ಸುತ್ತಿದರೆ ಸಾಕು ಅನ್ನೋರಿದ್ದಾರೆ. ಸಾಲದು. ಧೂಳಿನ ಮೇಲೆ ಟೇಪ್ ಸುತ್ತಿ ಬಿಗಿದರೆ ಉಪ್ಪು ಕಾಗದ ಇಟ್ಟು ಬಿಗಿದ ಹಾಗೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಬಿಟ್ಟರೆ ಟೇಪಿನ ಜೊತೆ ಪೇಂಟೂ ಕಿತ್ತು ಬರುತ್ತೆ. ನಾನು ಮೊದಲು ಕಾಲು ತೊಳೆದು ಒಣಗಿಸುತ್ತೇನೆ. ಆಮೇಲೆ ಕ್ಲಾಂಪಿನ ಒಳಗೆ ತೊಗಲು. ರಬ್ಬರ್ ಭಾರಕ್ಕೆ ಹಿಸುಕಿ ಜಾರುತ್ತೆ, ತೊಗಲು ಹಿಡಿದು ನಿಲ್ಲುತ್ತೆ. ಎಣ್ಣೆ, ಗ್ರೀಸ್ ಹತ್ತಿರ ಸುಳಿಯಬಾರದು. ಕಾಲಿನ ಗುಂಟ ಇಳಿಯುವ ಬ್ರೇಕ್ ಪೈಪು ಕ್ಲಾಂಪಿಗೆ ಸಿಕ್ಕಿದೆಯಾ ಅಂತ ಬೆರಳು ಹಾಕಿ ನೋಡುತ್ತೇನೆ. ಬ್ರೇಕಿನ ಭಾಗಕ್ಕೆ ಜಾಕ್ ಕೊಡಲೇಬಾರದು. ಕ್ಲಾಂಪಿನಲ್ಲಿ ಒಂದು ಸಲಕ್ಕೆ ಒಂದೇ ಕಾಲು, ಎರಡೂ ಚಕ್ರ ಎತ್ತಬೇಕಾದರೆ ರೆಕ್ಕೆಗೆ ಜಾಕ್.

ಆ ವಿಮಾನದ ತುಕ್ಕನ್ನು ಕಾಲಿನ ಉದ್ದಕ್ಕೇ ಉಜ್ಜಿ ತೆಗೆದೆವು, ಅಡ್ಡ ಉಜ್ಜಲಿಲ್ಲ. ಪುಣ್ಯಕ್ಕೆ ಗುಂಡಿ ಆಳ ಇರಲಿಲ್ಲ. ಪ್ರೈಮರ್ ಹಚ್ಚುವ ಮುಂಚೆ ಹಿರಿಯರು ನಮ್ಮದೇ ಕ್ಲಾಂಪ್ ತಂದು ಆ ಕಿತ್ತ ಗುರುತಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು. ಹಿಂದಿನ ಸಲ ಟೈರ್ ಬದಲಿಸಿದ್ದು ನಾವೇ. ಒಳಗಿನ ತೊಗಲು ಸವೆದು ಲೋಹ ಕಾಣುತ್ತಿತ್ತು. ಅವರು ಯಾರಿಗೂ ಬೈಯಲಿಲ್ಲ. ನಡೆದದ್ದನ್ನ ಲಾಗ್ ಬುಕ್ಕಿನಲ್ಲಿ ಬರೆದರು, ನನ್ನನ್ನು ಚಪ್ಪಲಿ ಹೊಲಿಯುವವರ ಹತ್ತಿರ ಕಳಿಸಿದರು. ಈಗಲೂ ಬಳ್ಳಾರಿಗೆ ಬಂದಾಗಲೆಲ್ಲ ಎರಡು ತುಂಡು ದಪ್ಪ ತೊಗಲು ಕೊಯ್ಯಿಸಿಕೊಂಡು ಹೋಗುತ್ತೇನೆ.